ತಡೆದು ಹಿಡಿದದ್ದು

"ಕೂತ್ಕೋ ಅಂದ್ರೆ ಕೂತ್ಕೋಬೇಕು!"

ಅವಳ ಕೂಗಿಗೆ ಪಕ್ಕದ ಮನೆಯ ರೇಡಿಯೋ ಕೂಡ ಒಂದು ಕ್ಷಣ ಸಣ್ಣಗಾಯಿತು. ಬಚ್ಚಲ ಬಾಗಿಲ ಬಳಿ ಕಕ್ಕಸಿಗೆ ಕೂರಿಸುವ ನೀಲಿ ಪ್ಲಾಸ್ಟಿಕ್ ಪಾಟಿಯ ಮೇಲೆ ಮಗಳು ಜೀರಿಗೆ ಕೂತಿದ್ದಳು. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅಂಟಿಕೊಂಡ ಹೆಸರು. ಈಗ ಮೂರು ತುಂಬಲು ಮೂರು ತಿಂಗಳು, ಹಟ ಮಾತ್ರ ಆನೆಯಷ್ಟು.

"ಬರ್ತಿಲ್ಲ."

"ಬರುತ್ತೆ. ಸ್ವಲ್ಪ ತಿಣುಕು."

"ಬರ್ತಿಲ್ಲ ಅಂದ್ನಲ್ಲ."

ಇಪ್ಪತ್ತು ನಿಮಿಷ ಕಾದು, ಸೋತು, ಎಬ್ಬಿಸಿ ಚಡ್ಡಿ ಹಾಕಿದಳು. ಬಕೆಟ್ಟಿಗೆ ನಲ್ಲಿ ತಿರುಗಿಸಿ ಹಿಂದಕ್ಕೆ ನೋಡುವಷ್ಟರಲ್ಲಿ ಜೀರಿಗೆ ಬೀರುವಿನ ಸಂದಿಗೆ ಹೋಗಿ, ಮುಖ ಕೆಂಪಗೆ ಮಾಡಿಕೊಂಡು, ನಿಂತಲ್ಲೇ ಮುಗಿಸಿದ್ದಳು.

ಹಿಂದಿನ ದಿನ, ಶುಕ್ರವಾರವೇ, ಅವಳು ಹೊಲಿಯುವ ಗಾರ್ಮೆಂಟ್ಸಿನ ಕೆಳಮಹಡಿಯ ಶಿಶುಮನೆಯ ಆಯಮ್ಮ ಹೇಳಿಬಿಟ್ಟಿದ್ದಳು: "ಸೋಮವಾರದವರೆಗೆ ನೋಡ್ತೀನಿ. ಆಮೇಲೂ ಚಡ್ಡೀಲೇ ಮಾಡ್ಕೊಂಡ್ರೆ ಇಟ್ಕೊಳ್ಳಕ್ಕಾಗಲ್ಲಮ್ಮ. ನಲವತ್ತು ಮಕ್ಕಳಿಗೆ ನಾವಿಬ್ಬರೇ." ಶಿಶುಮನೆ ತಪ್ಪಿದರೆ ಹೊಲಿಗೆಯ ಕೆಲಸವೂ ತಪ್ಪಿದಂತೆ. ಮಂಡಿನೋವಿನ ಅತ್ತೆಗೆ ಮಗುವಿನ ಹಿಂದೆ ಓಡಲು ಆಗದು. ಮಾತಿಗೆ ಮಾತ್ರ ಮಂಡಿ ಬೇಕಾಗಿರಲಿಲ್ಲ.

"ನನ್ನ ಮಗ ಒಂಬತ್ತು ತಿಂಗಳಿಗೇ ಹೇಳ್ತಿದ್ದ" ಎಂದರು ಮಂಚದ ಮೇಲಿಂದ.

"ಈಗ್ಲೂ ಹೇಳ್ತಾರೆ, ಅತ್ತೆ. ಹೇಳೋದು ಅವರು, ಮಾಡೋದು ನಾನು."

ಗಂಡ ಬೆಳಕು ಹರಿಯುವ ಮೊದಲೇ ವ್ಯಾನಿಗೆ ಸರಕು ತುಂಬಲು ಹೋಗಿದ್ದ. ಅವನಿಗೆ ಹೇಳಬೇಕಾಗಿದ್ದ ಮಾತು, ಅತ್ತೆಗೆ ಹೇಳಲಾಗದ ಮಾತು, ಆಯಮ್ಮನೆದುರು ನುಂಗಿಕೊಂಡ ಉತ್ತರ, ಎಲ್ಲವೂ ಅವಳ ಬಲಗೈಗೆ ಇಳಿಯಿತು. ಛಟೀರೆಂದು ಮಗುವಿನ ತೊಡೆಗೆ ಬಿಟ್ಟಳು. ನಾಲ್ಕು ಬೆರಳಿನ ಗುರುತು ಮೂಡಿತು.

ಜೀರಿಗೆ ಅಳಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ, "ಇನ್ ಮಾಡಲ್ಲ" ಎಂದಳು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವತ್ತು ಶನಿವಾರ, ಇಡೀ ದಿನ ಮತ್ತೆ ಇಲ್ಲ. ಭಾನುವಾರವೂ ಇಲ್ಲ. ಸಂಜೆಗೆ ಹೊಟ್ಟೆ ಚೆಂಡಿನಂತೆ ಬಿಗಿದು, ಅನ್ನದ ತಟ್ಟೆ ಕಂಡರೆ ಮುಖ ತಿರುಗಿಸತೊಡಗಿದಳು. ಕರೆದೊಯ್ದಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಹೆದರಿ ತಡೆದು ಹಿಡಿದಿದೆ. ಹೊಡೆದ್ರಾ?"

"ಇಲ್ಲ" ಎಂದಳು. ಜೀರಿಗೆ ಅವಳನ್ನು ನೋಡಿದಳು, ಚಾಡಿ ಹೇಳಲಿಲ್ಲ.

"ಈ ಔಷಧಿ ಕೊಡಿ, ನಾಳೆ ಬರುತ್ತೆ. ಬಂದಾಗ ಜೊತೇಲಿರಿ. ಬೈಬೇಡಿ, ಅವಸರ ಮಾಡ್ಬೇಡಿ."

ಅವಸರ ಮಾಡಬೇಡಿ! ದಾರಿಯುದ್ದಕ್ಕೂ ಅವಳು ಹಲ್ಲು ಕಡಿಯುತ್ತಲೇ ಇದ್ದಳು. ಯಾರ ಮೇಲೆ ಎಂದು ಕೇಳಿದ್ದರೆ ಡಾಕ್ಟರಿಂದ ಹಿಡಿದು ಬೀದಿ ದೀಪದವರೆಗೆ ಒಂದು ಪಟ್ಟಿಯನ್ನೇ ಕೊಡುತ್ತಿದ್ದಳು. ಆ ಪಟ್ಟಿಯ ತುದಿಯಲ್ಲಿ ಅವಳೂ ಇದ್ದಳು. ಹೆಗಲ ಮೇಲೆ ಮಗು ಬಿಸಿಯಾಗಿ, ಭಾರವಾಗಿ ಮಲಗಿತ್ತು.

ಸೋಮವಾರ ಮಗುವನ್ನು ಆಯಮ್ಮನ ಕೈಗಿತ್ತು ಮೇಲೆ ಹೋದಳು. ಅವಳದು ಕಾಲರ್ ಹೊಲಿಯುವ ಲೈನ್. ಮೂವತ್ತೆರಡು ಹೆಂಗಸರಿಗೆ ಮೊಳೆಗೆ ತೂಗುಹಾಕಿದ ಒಂದೇ ಟೋಕನ್. ಅದು ಕೈಯಲ್ಲಿದ್ದರೆ ಮಾತ್ರ ಪಾಯಖಾನೆಗೆ ಹೋಗಬಹುದು, ಅದೂ ಐದು ನಿಮಿಷ. ಕೇಳುವ ಗೋಜೇ ಬೇಡವೆಂದು ಅವಳು ಬೆಳಗಿನಿಂದ ಗುಟುಕು ನೀರಿನಲ್ಲೇ ದಿನ ದೂಡುವವಳು. ಆರು ವರ್ಷದಿಂದ ಹಾಗೆಯೇ. ಸದಾ ಗಡಿಯಾರ ನೋಡುವ ಸೂಪರ್‌ವೈಸರನಿಗೆ ಹೆಂಗಸರು ಗಂಟೆಪ್ಪ ಎಂದು ಹೆಸರಿಟ್ಟಿದ್ದರು.

ಹತ್ತೂವರೆಗೆ ಆಯಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ಮಗು ಹೊಟ್ಟೆ ಹಿಡ್ಕೊಂಡು ಕಿರುಚ್ತಿದೆ. ಕೂರಲ್ಲ, ನಿಲ್ಲಲ್ಲ. ಅಮ್ಮನೇ ಬೇಕಂತೆ."

ಅವಳು ಎದ್ದಳು. ಗಂಟೆಪ್ಪ ಅಡ್ಡ ಬಂದ. "ಟೋಕನ್ ಹೊರಗಿದೆ. ಬರಲಿ, ಆಮೇಲೆ ಹೋಗು."

"ಟೋಕನ್ ನನಗಲ್ಲ ಸಾರ್, ಮಗೂಗೆ."

"ಹತ್ತು ನಿಮಿಷ ತಡ್ಕೊಳ್ಳಕ್ಕೆ ಹೇಳು."

ಅವಳು ಮಿಷನ್ನಿನ ಸ್ವಿಚ್ ಆರಿಸಿದಳು. ಆ ಸದ್ದು ನಿಂತದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತು.

"ಹೇಳಲ್ಲ, ಸಾರ್" ಎಂದು ಅವನನ್ನು ದಾಟಿ ನಡೆದಳು.

ಕೆಳಗಿನ ಪಾಯಖಾನೆಯಲ್ಲಿ ಜೀರಿಗೆ ಅವಳ ಕುತ್ತಿಗೆಗೆ ಜೋತುಬಿದ್ದಳು. ಮೈಯೆಲ್ಲ ಬೆವರು.

"ಬೇಡ. ಹೊಡೀತೀಯ."

"ಹೊಡಿಯಲ್ಲ."

"ಬೈತೀಯ."

"ಬೈಯಲ್ಲ. ಬೈದ್ರೆ ನನ್ನ ಮೂಗು ಹಿಂಡು. ಅವತ್ತು ಹೊಡೆದೆನಲ್ಲ, ಅದು ತಪ್ಪು. ನಂದೇ ತಪ್ಪು."

ಮಗು ನಂಬಲೂ ಇಲ್ಲ, ನಂಬದೆಯೂ ಇಲ್ಲ. ಅವಳ ಮೂಗನ್ನು ಹಿಡಿದುಕೊಂಡೇ ಕುಕ್ಕರುಗಾಲಲ್ಲಿ ಕೂತಿತು. ಎಷ್ಟೋ ಹೊತ್ತಿನ ಮೇಲೆ ಗಂಟೆಪ್ಪ ಬಾಗಿಲು ದಡದಡ ಬಡಿದ.

"ಹದಿನೈದು ನಿಮಿಷ ಆಯ್ತು! ಕೆಲಸ ಬೇಕೋ ಬೇಡ್ವೋ?"

ಜೀರಿಗೆಯ ಮೈ ಮತ್ತೆ ಸೆಟೆಯಿತು. ತಾಯಿಯ ಒಳಗೆ ಕುದಿದದ್ದು ಈ ಸಲ ಮಗುವಿನ ಕಡೆ ತಿರುಗಲಿಲ್ಲ. ಬಾಗಿಲಿಗೆ ಮುಖ ಮಾಡಿ, ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದಳು: "ಇನ್ನೂ ಆಗಿಲ್ಲ! ಆದ್ಮೇಲೆ ಬರ್ತೀವಿ! ನಡೀರಿ ಆಚೆ!"

ಮಗು ಬಾಯಿ ಬಿಟ್ಟುಕೊಂಡು ತಾಯಿಯನ್ನು ನೋಡಿತು. ಆಮೇಲೆ ಕಣ್ಣು ಮುಚ್ಚಿ ತಿಣುಕಿತು, ನೋವಿಗೆ ಚೀರಿತು, ಮತ್ತೆ ತಿಣುಕಿತು. ಆಗಿಹೋಯಿತು. ಬಗ್ಗಿ ನೋಡಿ ಬೆರಗಾಯಿತು.

"ನಂದೇನಾ?"

"ನಿಂದೇ, ನನ್ನಮ್ಮ."

ತೊಳೆದು ಚಡ್ಡಿ ಹಾಕುವಾಗ ಹೊರಗೆ ಮೆಲ್ಲಗಿನ ದನಿ. ಪಕ್ಕದ ಮಿಷನ್ನಿನವಳು. "ಅಕ್ಕಾ, ಅವಸರ ಬೇಡ. ನಿನ್ನ ಪಾಲಿನ ಕಾಲರ್ ಬಂಡಲ್ ನಾವು ಹಂಚ್ಕೊಂಡು ಹೊಲೀತಿದೀವಿ. ಗಂಟೆಪ್ಪ ಮ್ಯಾನೇಜರ್ ಹತ್ರ ಹೋಗವ್ನೆ. ಹೋಗ್ಲಿ ಬಿಡು, ನಾವೂ ಬರ್ತೀವಿ."

ಅವಳು ಗೋಡೆಗೆ ಒರಗಿದಳು. ಬೆಳಗಿನಿಂದ ತಾನೂ ಹೋಗಿರಲಿಲ್ಲವೆಂಬುದು ಈಗ ಕಿಬ್ಬೊಟ್ಟೆಗೆ ನೆನಪಾಯಿತು.

"ಅಮ್ಮ, ನೀನೂ ಮಾಡು" ಎಂದಳು ಜೀರಿಗೆ. ತಿರುಗಿ ನಿಂತು, ಎರಡೂ ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದಳು.