ಅಣ್ಣನದೂ ನಲವತ್ತು, ತಮ್ಮನದೂ ನಲವತ್ತು

ಆ ದಿನ ಬೆಳಗ್ಗೆ ಬೀದಿಯ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ತುಂತುರು. ಕೊಡೆ ಬಿಚ್ಚಿದವರು ಮುಚ್ಚಿದರು, ಮುಚ್ಚಿದವರು ಮತ್ತೆ ಬಿಚ್ಚಿದರು. ಬೀದಿಯ ಮೇಲಿನ ತುದಿಯಲ್ಲಿ ಟೈರಿಗೆ ಗಾಳಿ ತುಂಬುವವನು ಅಂಗಡಿಯ ಕದ ತೆಗೆದು, ದೇವರಿಗೆ ಕೈ ಮುಗಿದು, ಟೈರುಗಳನ್ನು ಹೊರಗಿಡಲೋ ಬೇಡವೋ ಎಂದು ಆಕಾಶ ನೋಡುತ್ತ ನಿಂತ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಜನ ಅವನನ್ನು ಗಾಳಿಯಣ್ಣ ಎಂದೇ ಕರೆಯುತ್ತಿದ್ದರು.

ಅಷ್ಟರಲ್ಲಿ ಶಾಲೆಯ ವ್ಯಾನು ಬಂದು ನಿಂತಿತು. ಓಡಿಸುವವರು ಅವನ ಅಕ್ಕನ ಗಂಡ. ಇಳಿದವರೇ ಹರಿದ ಟೈರೊಂದನ್ನು ಅವನ ಕಾಲ ಬಳಿ ದೊಪ್ಪನೆ ಹಾಕಿದರು.

"ಏನು ಗಾಳಿಯಣ್ಣ ಸಾಹೇಬರೇ, ಇದಕ್ಕೆ ಎಷ್ಟು ತುಂಬಿದ್ರಿ?"

ಭಾವ ಬಹುವಚನದಲ್ಲಿ ಮಾತಾಡಿದರೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

"ನಲವತ್ತು ಪಾಯಿಂಟು ಭಾವ. ನೀವು ಹೇಳಿದಷ್ಟೇ."

"ನಲವತ್ತು ತುಂಬಿದ ಟೈರು ನಿನ್ನೆ ಸಂಜೆ ದಾರೀಲೇ ಸಿಡೀತು. ಒಳಗೆ ಹನ್ನೊಂದು ಮಕ್ಕಳು! ದೇವರು ದೊಡ್ಡವನು, ವ್ಯಾನು ಮೆಲ್ಲಗಿತ್ತು. ಇವತ್ತು ಬೆಳಗ್ಗೆ ಮಕ್ಕಳನ್ನ ಅವರವರ ಮನೆಯವರೇ ಬಿಟ್ಟು ಬಂದಿದಾರೆ. ಸಂಜೆ ನಾನೇ ಕರ್ಕೊಂಡು ಬರಬೇಕು. ಯಾವ ಧೈರ್ಯದ ಮೇಲೆ ಕೂರಿಸ್ಕೊಳ್ಳಲಿ, ಹೇಳು."

ಗಾಳಿಯಣ್ಣ ಒಳಗಿನಿಂದ ಗಾಳಿಯ ಒತ್ತಡ ಅಳೆಯುವ ಮೀಟರು ತಂದ. ವ್ಯಾನಿನ ಉಳಿದ ಟೈರಿಗೆ ಮೀಟರು ಹಚ್ಚಿ ನೋಡಿದ. ಪುಟ್ಟ ಪರದೆಯ ಮೇಲೆ ನಲವತ್ತು. ಮತ್ತೊಂದಕ್ಕೆ ಹಚ್ಚಿದ. ನಲವತ್ತೇ.

"ಮೀಟರು ಸುಳ್ಳು ಹೇಳ್ತಿದ್ರೆ?" ಎಂದರು ಭಾವ.

"ಹಂಗಿದ್ರೆ ತಮ್ಮನ ಮೀಟರು ಬೇರೆ ಹೇಳಬೇಕಿತ್ತಲ್ಲ?"

ಬೀದಿಯ ಕೆಳಗಿನ ತುದಿಯಲ್ಲಿ ಅವನ ತಮ್ಮನದೂ ಅದೇ ಕಸುಬು. ಕೂಗಿ ಕರೆದದ್ದಕ್ಕೆ ತಮ್ಮ ತನ್ನ ಮೀಟರು ಹಿಡಿದುಕೊಂಡೇ ಓಡಿ ಬಂದ. ಅದೂ ನಲವತ್ತು ತೋರಿಸಿತು.

"ನೋಡಿ ಭಾವ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದ ತಮ್ಮ. "ನಿಮ್ಮ ಟೈರೇ ಹಳೇದು. ನಮ್ಮ ಮೇಲೆ ಯಾಕೆ ಹಾಕ್ತೀರಿ?"

"ಹಳೇದಾ? ತಗೊಂಡು ಐದು ತಿಂಗಳಾಗಿಲ್ಲ ಕಣೋ!"

ಗಾಳಿಯಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಭಾವ ಸುಳ್ಳಾಡುವವರಲ್ಲ. ಮೀಟರು ಎರಡೂ ಒಂದೇ ಮಾತು ಹೇಳುತ್ತಿವೆ. ಟೈರು ಮಾತ್ರ ಹರಿದು ಎದುರಿಗೆ ಬಿದ್ದಿದೆ. ಯಾರನ್ನು ನಂಬುವುದು, ಯಾರನ್ನು ಬಿಡುವುದು?

ಆಗ ಸ್ಕೂಟರಿನಲ್ಲಿ ಬಂದವಳು ಮೀಟರಕ್ಕ. ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರ, ಆಮ್ಲಜನಕದ ಮೀಟರು, ಎಲ್ಲದರ ಅಳತೆ ಸರಿಯಾಗಿ ಇಡುವುದು ಅವಳ ಕೆಲಸ. ಹರಿದ ಟೈರನ್ನು ತಿರುಗಿಸಿ ನೋಡಿದಳು.

"ಎರಡೂ ಅಂಚು ಸವೆದಿದೆ, ನಡುವೆ ಹಾಗೇ ಇದೆ. ಗಾಳಿ ಕಮ್ಮಿ ಇದ್ದ ಟೈರು ಹೀಗೇ ಸವೆಯೋದು. ಮಗ್ಗುಲು ಮಡಚಿ ಮಡಚಿ ಕಾದು, ಕೊನೆಗೆ ಸಿಡಿಯುತ್ತೆ."

"ಕಮ್ಮೀನಾ? ನಲವತ್ತಿದೆಯಲ್ಲಕ್ಕ!" ಎಂದ ಗಾಳಿಯಣ್ಣ.

ಅವಳು ಚೀಲದಿಂದ ತನ್ನ ಮೀಟರು ತೆಗೆದು ವ್ಯಾನಿನ ಟೈರಿಗೆ ಹಚ್ಚಿದಳು. ಮೂವತ್ತಮೂರು.

ಭಾವ ಬಗ್ಗಿ ಅಂಕಿ ನೋಡಿದರು. ತಮ್ಮ ನಕ್ಕ. "ಎರಡು ಮೀಟರು ನಲವತ್ತು ಅಂತಾವೆ, ಒಂದು ಮೂವತ್ತಮೂರು. ಓಟಿಗೆ ಹಾಕಿದ್ರೆ ನಾವೇ ಗೆದ್ವಿ."

"ಅಳತೆ ಓಟಿನ ಮೇಲೆ ನಡೆಯಲ್ಲ ಕಣಪ್ಪ," ಎಂದಳು ಮೀಟರಕ್ಕ. "ನಿಮ್ಮ ಮೀಟರನ್ನ ಯಾವಾಗ, ಯಾವುದಕ್ಕೆ ಹೋಲಿಸಿ ಸರಿಮಾಡಿದ್ರಿ?"

ಗಾಳಿಯಣ್ಣನ ಮುಖ ಅರಳಿತು. ಈ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು. ಅಪ್ಪ ಸಾಯುವಾಗ ಹೇಳಿದ್ದರು: ಅಣ್ಣತಮ್ಮಂದಿರ ಅಳತೆ ಒಂದೇ ಇರಬೇಕು, ಗಿರಾಕಿ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಬಾರದು. ಅದಕ್ಕೇ ಮೂರು ತಿಂಗಳಿಗೊಮ್ಮೆ ಇಬ್ಬರೂ ಮೀಟರು ಹಿಡಿದು ಕೂರುತ್ತಿದ್ದರು. ಒಂದು ಸಲ ತಮ್ಮ ಅಣ್ಣನ ಮೀಟರು ನೋಡಿ ತನ್ನದರ ಹಿಂದಿನ ತಿರುಪು ತಿರುಗಿಸುವುದು, ಮುಂದಿನ ಸಲ ಅಣ್ಣ ತಮ್ಮನದು ನೋಡಿ ತಿರುಗಿಸುವುದು. ಒಂದು ಸಲವೂ ತಪ್ಪಿಸಿದ್ದಿಲ್ಲ.

ಇದನ್ನೆಲ್ಲ ಹೆಮ್ಮೆಯಿಂದ ಹೇಳಿದ. ಮೀಟರಕ್ಕ ನಗು ತಡೆದುಕೊಂಡಳು. ಒಳಗೆ ಟೈರು ಒರೆಸುತ್ತಿದ್ದ ಗಾಳಿಯಣ್ಣನ ಹೆಂಡತಿ ತಡೆದುಕೊಳ್ಳಲಿಲ್ಲ.

"ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ! ಇವರಿಗೆ ಅವರು, ಅವರಿಗೆ ಇವರು. ನಿಜ ನೋಡಿದವರು ಯಾರೂ ಇಲ್ಲ."

ಗಾಳಿಯಣ್ಣ ಇನ್ನಷ್ಟು ಗೊಂದಲಕ್ಕೆ ಬಿದ್ದ. ಒಂದೇ ಆಗಿದ್ದರೆ ಸರಿ ಎಂದಲ್ಲವೇ ಅರ್ಥ? ಇಷ್ಟು ವರ್ಷ ಅಪ್ಪನ ಮಾತು ನಡೆಸಿದ್ದು ತಪ್ಪೇ?

"ಗಾಳಿ ಇಲ್ಲದಾಗ ಸೊನ್ನೆ ಸರಿಯಾಗೇ ತೋರಿಸುತ್ತಲ್ಲಕ್ಕ?" ಎಂದ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

"ಇಬ್ಬರೂ ಮೀಟರು ತಗೊಂಡು ಬನ್ನಿ, ನಮ್ಮ ಕೋಣೆಗೆ. ಕಣ್ಣಾರೆ ನೋಡಿ."

ಆಸ್ಪತ್ರೆಯ ಹಿಂದಿನ ಆ ಕೋಣೆಯಲ್ಲಿ ಒಂದೇ ಕಿಟಕಿ. ಮೇಜಿನ ಮೇಲೆ ಎಣ್ಣೆ ತುಂಬಿದ ಒಂದು ಉಪಕರಣ, ಅದರ ನಡುವೆ ನುಣ್ಣನೆಯ ಉಕ್ಕಿನ ಸರಳು, ಪಕ್ಕದಲ್ಲಿ ಸಾಲಾಗಿ ತೂಕದ ಬಿಲ್ಲೆಗಳು.

"ಇದರಲ್ಲಿ ಬ್ಯಾಟರಿ ಇಲ್ಲ," ಎಂದಳು. "ಸರಳಿನ ಮೇಲೆ ತೂಕ ಇಡ್ತೀವಿ. ಕೆಳಗಿನ ಎಣ್ಣೆಯ ಒತ್ತಡ ಅದನ್ನ ಎತ್ತಿ ತೇಲಿಸಿದಾಗ, ಇಟ್ಟ ತೂಕಕ್ಕೆ ತಕ್ಕಷ್ಟೇ ಒತ್ತಡ ಒಳಗಿದೆ ಅಂತ ಖಾತ್ರಿ."

ಗಾಳಿಯಣ್ಣನ ಮೀಟರನ್ನು ಅದಕ್ಕೆ ಜೋಡಿಸಿದಳು. ಸೊನ್ನೆಗೆ ಸೊನ್ನೆ. ತಮ್ಮ ಹುಬ್ಬು ಹಾರಿಸಿದ. ಹತ್ತು ಪಾಯಿಂಟಿನ ತೂಕ ಇಟ್ಟಳು. ಮೀಟರು ಹನ್ನೆರಡು ಎಂದಿತು. ಇಪ್ಪತ್ತಕ್ಕೆ ಇಪ್ಪತ್ತನಾಲ್ಕು. ಮೂವತ್ತಕ್ಕೆ ಮೂವತ್ತಾರು. ತಮ್ಮನ ಮೀಟರೂ ಹೆಚ್ಚುಕಮ್ಮಿ ಅದೇ ಹಾದಿ ಹಿಡಿಯಿತು.

"ಅಯ್ಯೋ, ತಪ್ಪು ಬೆಳೀತಾ ಹೋಗ್ತಿದೆಯಲ್ಲ!" ಎಂದ ಗಾಳಿಯಣ್ಣ.

"ಮೀಟರಿನೊಳಗೆ ಒಂದು ತೆಳ್ಳನೆ ಪೊರೆ ಇರುತ್ತೆ. ಗಾಳಿ ಒತ್ತಿದಾಗ ಅದು ಬಾಗುತ್ತೆ, ಆ ಬಾಗನ್ನೇ ಒಳಗಿನ ಎಲೆಕ್ಟ್ರಾನಿಕ್ ಚಿಪ್ ಅಂಕಿ ಮಾಡಿ ತೋರಿಸುತ್ತೆ. ನೀವು ಕಂಪ್ರೆಸರಿನ ಬಿಸಿಗೆ ಇಡ್ತೀರಿ, ಕೈ ಜಾರಿಸ್ತೀರಿ, ತೇವ ತಾಗುತ್ತೆ. ವರ್ಷ ಕಳೆದ ಹಾಗೆ ಅದರ ಬಾಗು ಬೇರೆ ಆಗುತ್ತೆ, ಅಂಕಿ ಮಾತ್ರ ಹಳೇ ಲೆಕ್ಕದ್ದೇ. ಅಣ್ಣನದು ಒಂದು ಕೂದಲೆಳೆ ಜಾಸ್ತಿ ತೋರಿಸಿತು, ತಮ್ಮ ಅದಕ್ಕೆ ಸರಿಯಾಗಿ ತಿರುಗಿಸಿದ. ಆಮೇಲೆ ತಮ್ಮನದು ಜಾರಿತು, ಅಣ್ಣ ತಿರುಗಿಸಿದ. ಕೈಕೈ ಹಿಡ್ಕೊಂಡೇ ಇಬ್ಬರೂ ದಾರಿ ತಪ್ಪಿದ್ರಿ."

ತಮ್ಮ ಸೋಲೊಪ್ಪಲಿಲ್ಲ. "ಅದಕ್ಕೇನು, ಮೀಟರು ತೋರಿಸಿದ್ರಲ್ಲಿ ಏಳು ಕಳೆದ್ರೆ ಆಯ್ತು."

"ಇಪ್ಪತ್ತನಾಲ್ಕರಲ್ಲಿ ಏಳು ಕಳೆದ್ರೆ ಎಷ್ಟು?"

ತಮ್ಮ ಬೆರಳು ಮಡಚಿದ. ಹದಿನೇಳು. ತೂಕ ಇಟ್ಟದ್ದು ಇಪ್ಪತ್ತರದು. ಬೆರಳುಗಳನ್ನು ಮೆಲ್ಲನೆ ಬಿಚ್ಚಿಕೊಂಡ.

"ಅದಕ್ಕೇ ಒಂದು ಕಡೆ ನೋಡಿದ್ರೆ ಸಾಲದು. ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ನಾಲ್ಕಾರು ಕಡೆ ನಿಜವಾದ ಅಳತೆಗೆ ಹೋಲಿಸಿ, ತಪ್ಪು ಬರೆದುಕೊಂಡು, ಸರಿಮಾಡಿ, ಮತ್ತೆ ನೋಡಬೇಕು. ಇದಕ್ಕೇ ಕ್ಯಾಲಿಬ್ರೇಷನ್ ಅನ್ನೋದು."

"ಸರಿ, ನಿಮ್ಮ ಈ ತೂಕ ಸರಿ ಅಂತ ಯಾರು ಹೇಳಿದ್ರು?" ಎಂದ ತಮ್ಮ.

"ಒಳ್ಳೇ ಪ್ರಶ್ನೆ ಕೇಳಿದೆ. ಇದನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕಳಿಸ್ತೀವಿ. ಅವರದನ್ನ ಅವರಿಗಿಂತ ದೊಡ್ಡವರು ನೋಡ್ತಾರೆ." ಗೋಡೆಯ ಮೇಲಿನ ಪ್ರಮಾಣಪತ್ರ ತೋರಿಸಿದಳು. ತಮ್ಮ ದಿನಾಂಕವನ್ನು ಎರಡು ಸಲ ಓದಿದ.

ಗಾಳಿಯಣ್ಣ ಒಂದು ತೂಕದ ಬಿಲ್ಲೆ ಎತ್ತಿ ನೋಡಿದ. ಅಳತೆ ಒಂದೇ ಇರಬೇಕು ಎಂದಾಗ ಅಪ್ಪನ ಮನಸ್ಸಿನಲ್ಲಿ ನಿಜವಾದ ಅಳತೆಯೇ ಇದ್ದಿರಬೇಕು. ಅವರ ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೇಲೆ ನೋಡುವುದನ್ನು ಮರೆತರು. ಮೇಲಿರುವವನನ್ನು ಮರೆತು ನಮ್ಮನಮ್ಮಲ್ಲೇ ಒಪ್ಪಿಕೊಂಡ ಮಾತು ಎಷ್ಟು ದೂರ ತಾನೇ ನಡೆದೀತು?

"ಸರಿಮಾಡಿ ಕೊಡಕ್ಕ," ಎಂದ. "ಇವನದನ್ನೂ."

ಮಧ್ಯಾಹ್ನದೊಳಗೆ ಎರಡೂ ಮೀಟರುಗಳ ಬೆನ್ನಿಗೆ ಚೀಟಿ ಅಂಟಿತು: ಪರೀಕ್ಷಿಸಿದ ದಿನ, ಮುಂದಿನ ಪರೀಕ್ಷೆಯ ದಿನ. ಹೆಂಡತಿ ಆ ಎರಡನೇ ದಿನವನ್ನು ಅಂಗಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಳು. "ಇನ್ಮೇಲೆ ತಿರುಪು ಮುಟ್ಟಿದವರ ಕೈಗೆ ಬರೆ," ಎಂದಳು. ಮೈದುನ ತಲೆ ತಗ್ಗಿಸಿ ನಕ್ಕ.

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರವಿದ್ದೀತು, ಅಂಗಡಿಯಲ್ಲಿ ಗಾಳಿಯ ಮೀಟರಿದ್ದೀತು, ಕಾರ್ಖಾನೆಯಲ್ಲಿ ಬಾಯ್ಲರಿನ ಒತ್ತಡ ತೋರಿಸುವ ಪರದೆಯಿದ್ದೀತು. ಅಂಕಿ ಹೊಳೆಯುತ್ತಿದೆ ಎಂದು ಅದು ನಿಜವೆಂದು ತಿಳಿಯಬೇಡಿ. ಪಕ್ಕದ ಮನೆಯ ಯಂತ್ರಕ್ಕೆ ಸರಿಹೊಂದಿತೆಂದು ಸುಮ್ಮನಾಗಬೇಡಿ, ಅಂದಾಜಿನಲ್ಲಿ ಕಳೆದು ಕೂಡಿಸಬೇಡಿ. ವರ್ಷಕ್ಕೊಮ್ಮೆ, ಕೈಜಾರಿ ಬಿದ್ದರೆ ಅದೇ ವಾರ, ತಿಳಿದವರಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ. ಚೀಟಿಯ ಮೇಲೆ ದಿನಾಂಕ ಕೇಳಿ. ಆ ಅಂಕಿಯನ್ನು ನಂಬಿ ಯಾರೋ ಮಾತ್ರೆ ನುಂಗುತ್ತಾರೆ, ಯಾರೋ ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಾರೆ.

ಶಾಲೆ ಬಿಡಲು ಇನ್ನೂ ಅರ್ಧ ಗಂಟೆಯಿತ್ತು. ಭಾವ ವ್ಯಾನಿಗೆ ಒರಗಿ ನಿಂತಿದ್ದರು. ಗಾಳಿಯಣ್ಣ ಮಂಡಿಯೂರಿ ಕೂತ. ಒಂದೊಂದು ಟೈರಿಗೂ ಮೂವತ್ತಮೂರರಿಂದ ನಲವತ್ತರವರೆಗೆ, ಕೊಡದೆ ಉಳಿಸಿಕೊಂಡಿದ್ದ ಏಳೇಳು ಪಾಯಿಂಟು ಗಾಳಿಯನ್ನು ಹಿಂದಿರುಗಿಸಿದ.