ಶುಕ್ರವಾರ ಹನ್ನೆರಡು ಗಂಟೆಯೊಳಗೆ

ಮೇಷ್ಟ್ರಿಗೆ ಹೊಟ್ಟೆಕಿಚ್ಚು ಇತ್ತು. ಅವರು ಅದನ್ನು ತಾತ್ವಿಕ ಭಿನ್ನಾಭಿಪ್ರಾಯ ಎನ್ನುತ್ತಿದ್ದರು. ಅವರ ಹೆಂಡತಿ ಮಾತ್ರ ಅದಕ್ಕೆ ಇರುವ ಹೆಸರಿನಿಂದಲೇ ಕರೆಯುತ್ತಿದ್ದಳು.

ಇಪ್ಪತ್ತು ವರ್ಷದಿಂದ ಅವರು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ ಪಾಠ ಹೇಳುತ್ತಿದ್ದರು. ಹಳೆಯ ಮುಖ್ಯಸ್ಥರು ನಿವೃತ್ತರಾದಾಗ ಆ ಕುರ್ಚಿ ಇವರದೇ ಎಂದು ಕಾರಿಡಾರಿನ ಕಂಬಗಳಿಗೂ ಗೊತ್ತಿತ್ತು. ಮೇಷ್ಟ್ರು ಒಂದು ಭಾನುವಾರ ಟೇಪು ಹಿಡಿದುಕೊಂಡು ಹೋಗಿ, ಮುಖ್ಯಸ್ಥರ ಕೋಣೆಯ ಕಿಟಕಿ ಪಕ್ಕದ ಗೋಡೆಯನ್ನು ಪುಸ್ತಕದ ಕಪಾಟಿಗೆಂದು ಅಳತೆ ಮಾಡಿಯೂ ಬಂದಿದ್ದರು. ಆಮೇಲೆ ಕುಲಪತಿಗಳಿಗೆ ಏನು ಹೊಳೆಯಿತೋ, ನಿವೃತ್ತ ರಾಯಭಾರಿಯೊಬ್ಬರನ್ನು ಕರೆತಂದು ಮೂರು ವರ್ಷಕ್ಕೆ ಆ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ನಲವತ್ತು ವರ್ಷ ದೇಶ ದೇಶ ಸುತ್ತಿದವರು, ಎರಡು ಯುದ್ಧಗಳನ್ನು ಮೇಜಿನ ಮುಂದೆ ಕೂತು ನಿಲ್ಲಿಸಿದವರು. ತೋಟದ ಮಾಲಿಯ ಮಂಡಿನೋವು ಹೇಗಿದೆ ಎಂದು ದಿನಾ ತಪ್ಪದೆ ಕೇಳುವವರು. ಇಂಥವರನ್ನು ದ್ವೇಷಿಸುವುದು ಎಷ್ಟು ಕಷ್ಟ ಎಂದು ಮೇಷ್ಟ್ರಿಗೇ ಗೊತ್ತು. ಆದರೂ ಅವರು ಛಲ ಬಿಡಲಿಲ್ಲ.

ಮೇಷ್ಟ್ರು ಬರೆದ ‘ಸಂಧಾನದ ಸಿದ್ಧಾಂತ’ ನಾನೂರ ಹನ್ನೆರಡು ಪುಟದ ಪುಸ್ತಕ. ಅದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಅಡಿಟಿಪ್ಪಣಿಗಳಿದ್ದವು. ಪಾಠ ಮಾಡುವಾಗಲೂ ಅವರು ಅಡಿಟಿಪ್ಪಣಿ ಬಿಡದೆ ಹೇಳುತ್ತಿದ್ದರಿಂದ ಹುಡುಗರು ಅವರಿಗೆ ಅಡಿಟಿಪ್ಪಣಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಇವರ ತರಗತಿಯಲ್ಲಿ ತೂಕಡಿಸುತ್ತಿದ್ದ ಅದೇ ಹುಡುಗರು ರಾಯಭಾರಿಯ ಉಪನ್ಯಾಸಕ್ಕೆ ಜಾಗ ಸಾಲದೆ ಕಿಟಕಿಯ ಕಟ್ಟೆ ಹತ್ತಿ ಕೂರುತ್ತಿದ್ದರು. ಅಲ್ಲಿ ಅವರು ಕೇಳುತ್ತಿದ್ದದ್ದಾದರೂ ಏನು? ಶೂ ಕಥೆ! ಹನ್ನೊಂದು ದಿನ ಜಗ್ಗದೆ ಕೂತಿದ್ದ ಎದುರು ಪಕ್ಷದ ಮಂತ್ರಿ ಹನ್ನೆರಡನೆಯ ದಿನ ಮೇಜಿನ ಕೆಳಗೆ ಶೂ ಲಾಡಿ ಬಿಚ್ಚಿಕೊಂಡನಂತೆ. ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದ ರಾಯಭಾರಿ ಅದನ್ನು ನೋಡಿ, ಇನ್ನು ಇವನು ಒಪ್ಪಿದ ಎಂದು ತಿಳಿದುಕೊಂಡರಂತೆ. ಹುಡುಗರು ಇದನ್ನು ಅಚ್ಚುಕಟ್ಟಾಗಿ ನೋಟ್ಸು ಬರೆದುಕೊಂಡರು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲೂ ಶೂ ಬಂತು. ಮೇಷ್ಟ್ರ ಪುಸ್ತಕದ ಯಾವ ಪುಟದಲ್ಲೂ ಶೂ ಇರಲಿಲ್ಲ.

ಅವತ್ತಿನಿಂದ ಮೇಷ್ಟ್ರು ರಾಯಭಾರಿಯ ಕೋಣೆಗೆ ಹೋಗುವ ಮುಂಚೆ ಶೂ ಲಾಡಿಯನ್ನು ಎರಡು ಗಂಟು ಹಾಕಿ ಬಿಗಿಯುತ್ತಿದ್ದರು.

ರಾಯಭಾರಿ ಬಂದ ಮೇಲೆ ವಿಭಾಗದ ಮೂರು ಮೂರು ಗಂಟೆಯ ಮೀಟಿಂಗುಗಳು ನಿಂತುಹೋದವು. ಅದರ ಬದಲು ಸೋಮವಾರ ಎಲ್ಲ ಅಧ್ಯಾಪಕರ ಮೇಜಿಗೂ ಒಂದು ಮುಚ್ಚಿದ ಕವರು ಬರುತ್ತಿತ್ತು. ಒಳಗೆ ಒಂದು ನಿರ್ಧಾರದ ಕರಡು. ಶುಕ್ರವಾರ ಹನ್ನೆರಡು ಗಂಟೆಯೊಳಗೆ ಯಾರೂ ಲಿಖಿತ ಆಕ್ಷೇಪ ಕೊಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಒಬ್ಬರು ಆಕ್ಷೇಪ ಕೊಟ್ಟರೂ ಕರಡು ಬಿದ್ದುಹೋಯಿತು, ಆ ಆಕ್ಷೇಪದ ಪ್ರತಿ ಎಲ್ಲರಿಗೂ ಹೋಗುತ್ತದೆ. "ನಲವತ್ತು ದೇಶಗಳು ಹೀಗೇ ಕೆಲಸ ಮುಗಿಸ್ಕೊಳ್ತಿದ್ವು. ನಾವು ಎಂಟು ಜನಕ್ಕೆ ಆಗಲ್ವಾ?" ಎಂದು ರಾಯಭಾರಿ ನಕ್ಕಿದ್ದರು. ಇದೇ ಪದ್ಧತಿಯನ್ನು ಮೇಷ್ಟ್ರು ತಮ್ಮ ಪುಸ್ತಕದ ಇನ್ನೂರ ಹದಿನೇಳನೆಯ ಪುಟದಲ್ಲಿ ವಿವರಿಸಿದ್ದರು. ಅದು ಯಾರಿಗಾದರೂ ನೆನಪಿತ್ತೆ? ಎಲ್ಲರೂ ರಾಯಭಾರಿಯನ್ನೇ ಹೊಗಳಿದರು.

ಮೊದಲ ಕವರನ್ನು ಮೇಷ್ಟ್ರು ಒಡೆದರು. ಐದು ಸಾಲು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ಅಷ್ಟು ಚೆನ್ನಾಗಿ ಬರೆದದ್ದನ್ನು ನೋಡಿ ಅವರ ಮೈಯೆಲ್ಲ ಉರಿಯಿತು. ಮುಂದಿನ ಕವರುಗಳನ್ನು ಒಡೆಯದೆ ಮೇಜಿನ ಖಾನೆಗೆ ತುರುಕಿದರು.

ಅದರ ಫಲವನ್ನೂ ಉಂಡರು. ಒಂದು ಬೆಳಿಗ್ಗೆ ತಮ್ಮ ತರಗತಿಗೆ ಹೋಗಿ ಕರಿಹಲಗೆಯ ತುಂಬ ಬರೆದು ತಿರುಗಿ ನೋಡಿದರೆ ಎದುರಿಗೆ ಭೂಗರ್ಭಶಾಸ್ತ್ರದ ಮಕ್ಕಳು ಕೂತಿದ್ದರು. ಮೇಷ್ಟ್ರ ತರಗತಿ ನೆಲಮಾಳಿಗೆಗೆ ವರ್ಗವಾಗಿತ್ತು. ಅವರು ಕೆಂಡಾಮಂಡಲವಾಗಿ ರಾಯಭಾರಿಯ ಕೋಣೆಗೆ ನುಗ್ಗಿದರು.

"ಕರಡು ಕಳಿಸಿದ್ನಲ್ಲ ಮೇಷ್ಟ್ರೇ. ಶುಕ್ರವಾರದವರೆಗೂ ನೀವು ಏನೂ ಹೇಳ್ಲಿಲ್ಲ. ಒಪ್ಪಿದ್ದೀರಿ ಅಂದ್ಕೊಂಡೆ" ಎಂದರು ರಾಯಭಾರಿ, ನಿಜವಾಗಿಯೂ ನೊಂದುಕೊಂಡು.

ಇನ್ನು ಮೇಲೆ ನೋಡಿಕೊಳ್ಳುತ್ತೇನೆ ಎಂದು ಮೇಷ್ಟ್ರು ಹಲ್ಲು ಕಡಿದರು.

ರಾಯಭಾರಿಯ ಅವಧಿ ಮುಗಿಯಲು ಒಂದು ತಿಂಗಳಿದ್ದಾಗ, ಒಂದು ಸೋಮವಾರ, ಮತ್ತೊಂದು ಕವರು ಬಂತು. ತಂದುಕೊಟ್ಟ ಗುಮಾಸ್ತೆ ದನಿ ತಗ್ಗಿಸಿ, "ಮುಂದಿನ ಮುಖ್ಯಸ್ಥರ ವಿಷಯ ಅಂತೆ ಸಾರ್. ಕುಲಪತಿಗಳೇ ಬಂದು ಒಪ್ಪಿ ಹೋದ್ರಂತೆ" ಎಂದಳು.

ಹೌದು, ಕುಲಪತಿಗಳು ಬಂದಿದ್ದನ್ನು ಮೇಷ್ಟ್ರೂ ನೋಡಿದ್ದರು. ತೆರೆದ ಬಾಗಿಲಿನಿಂದ ಇಬ್ಬರ ನಗೆ ಕಾರಿಡಾರಿನ ಕೊನೆಯವರೆಗೂ ಕೇಳಿತ್ತು. ಸರಿ, ಇನ್ನೂ ಮೂರು ವರ್ಷ ಇದೇ ಮನುಷ್ಯ! ಮೇಷ್ಟ್ರಿಗೆ ನಿವೃತ್ತಿಗೆ ಉಳಿದದ್ದೇ ನಾಲ್ಕು ವರ್ಷ. ಈ ಸಲ ತಪ್ಪಿದರೆ ಆ ಕುರ್ಚಿ ಈ ಜನ್ಮದಲ್ಲಿ ಸಿಗುವುದಿಲ್ಲ.

ಮನೆಯಲ್ಲಿ ಹೇಳಿಕೊಂಡರೆ ಅಲ್ಲೂ ಸಮಾಧಾನ ಸಿಗಲಿಲ್ಲ. ಅವರ ಹೆಂಡತಿ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಅಲ್ಲಿ ರಾಯಭಾರಿಯ ಭಾಷಣ ಕೇಳಿದ್ದಳು.

"ಇದ್ರೆ ಇರ್ಲಿ ಬಿಡ್ರೀ. ಎಷ್ಟು ಚೆನ್ನಾಗಿ ಮಾತಾಡ್ತಾರೆ. ಭಾಷಣ ಮುಗಿದ್ಮೇಲೆ ಕುರ್ಚಿ ಎತ್ತಿಡೋಕೂ ನಿಂತ್ಕೊಂಡ್ರು, ಗೊತ್ತಾ?"

"ನಾನೂ ಎತ್ತಿಡ್ತೀನಿ ಕುರ್ಚಿ."

"ನಿಮ್ಮ ಊಟದ ತಟ್ಟೆ ಎತ್ತಿಡಿ ಮೊದ್ಲು" ಎಂದಳು. ಊಟದ ಮೇಜಿನ ಕೆಳಗೆ ಬಗ್ಗಿ ನೋಡಿ, "ಬರೀ ಕಾಲಲ್ಲೇ ಕೂತಿದ್ದೀರಿ. ಹಾಗಾದ್ರೆ ಒಪ್ಪಿದ್ರಿ ಅಂತಾಯ್ತು" ಎಂದು ನಕ್ಕಳು. ಶೂ ಕಥೆ ಇವಳವರೆಗೂ ಬಂದುಬಿಟ್ಟಿತ್ತು! ಮೇಷ್ಟ್ರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ಗುರುವಾರ ಮೆಟ್ಟಿಲ ಮೇಲೆ ಕಿರಿಯ ಉಪನ್ಯಾಸಕಿ ಸಿಕ್ಕಳು. ಅವಳು ಮೇಷ್ಟ್ರ ಶಿಷ್ಯೆ. ಅವಳ ಸಂಶೋಧನಾ ಪ್ರಬಂಧದ ಒಂದೊಂದು ಅಲ್ಪವಿರಾಮವನ್ನೂ ಮೇಷ್ಟ್ರೇ ತಿದ್ದಿದ್ದರು.

"ಓದಿದ್ರಾ ಸಾರ್? ನಂಗಂತೂ ತುಂಬಾ ಖುಷಿಯಾಯ್ತು. ಹೀಗೇ ಆಗ್ಬೇಕಿತ್ತು!"

ಇವಳೂ ಆ ಕಡೆ ಹೋದಳಲ್ಲ ಎಂದುಕೊಂಡರು ಮೇಷ್ಟ್ರು. "ನೋಡೋಣ" ಎಂದಷ್ಟೇ ಹೇಳಿ ಮೆಟ್ಟಿಲು ಇಳಿದರು.

ಶುಕ್ರವಾರ ಹನ್ನೊಂದೂವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಬರೆಯಲು ಕೂತರು. ಕವರು ಎದುರಿಗೇ ಇತ್ತು. ಒಡೆಯಬೇಕು ಎನಿಸಿತು. ಆದರೆ ಒಳಗೆ ಆ ಐದು ಚೆಂದದ ಸಾಲು ಇರುತ್ತವಲ್ಲ, ಅದನ್ನು ಓದಿ ಕೈ ಸೋತರೆ? ಹಾಗೆಯೇ ಪಕ್ಕಕ್ಕೆ ಸರಿಸಿ ಬರೆದರು: ‘ಕರಡಿಗೆ ನನ್ನ ಆಕ್ಷೇಪವಿದೆ. ಅದರಲ್ಲಿ ಸೂಚಿಸಿರುವ ವ್ಯಕ್ತಿ ಈ ಹುದ್ದೆಗೆ ತಕ್ಕವರಲ್ಲ. ವರ್ಷಗಟ್ಟಲೆ ಒಂದೇ ಕೆಲಸ ಮಾಡಿದ್ದು ಅರ್ಹತೆಯಾಗುವುದಿಲ್ಲ. ತಮ್ಮ ಬಗ್ಗೆ ತಮಗಿರುವ ದೊಡ್ಡ ಅಭಿಪ್ರಾಯದಿಂದ ವಿಭಾಗ ನಡೆಯುವುದಿಲ್ಲ. ಇವರಿಗಿಂತ ಯಾರಾದರೂ ವಾಸಿ.’ ಎಣಿಸಿದರು. ಐದು ಸಾಲು! ಜೀವನದಲ್ಲಿ ಮೊದಲ ಬಾರಿಗೆ ಅಡಿಟಿಪ್ಪಣಿ ಇಲ್ಲದೆ ಬರೆದಿದ್ದರು. ಮೇಷ್ಟ್ರಿಗೆ ತಮ್ಮ ಬಗ್ಗೆಯೇ ಹೆಮ್ಮೆಯಾಯಿತು.

ಆಕ್ಷೇಪದ ಮೇಲೆ ಸಮಯದ ಮುದ್ರೆ ಒತ್ತುವುದು ಗುಮಾಸ್ತೆಯ ಕೆಲಸ. ಅವಳು ಕಾಗದ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು.

"ಸಾರ್... ಇದು ನೀವೇ ಬರ್ದಿದ್ದಾ?"

"ಮತ್ತೆ ನಮ್ಮ ತಾತ ಬರೆದ್ರಾ? ಒತ್ತಮ್ಮ ಮುದ್ರೆ."

ಅವಳು ಒತ್ತಿದಳು. ಹನ್ನೊಂದು ಐವತ್ತೆರಡು.

ಎರಡು ಗಂಟೆಗೆ ರಾಯಭಾರಿ ಕರೆಸಿದರು. ಮೇಷ್ಟ್ರು ಲಾಡಿಗೆ ಎರಡು ಗಂಟು ಬಿಗಿದು, ಎದೆ ಸೆಟೆಸಿಕೊಂಡು ಹೋದರು. ಯಾವತ್ತೂ ತೆರೆದಿರುವ ಆ ಕೋಣೆಯ ಬಾಗಿಲನ್ನು ರಾಯಭಾರಿ ತಾವೇ ಎದ್ದು ಮುಚ್ಚಿದರು.

"ಮೇಷ್ಟ್ರೇ, ಜನ ಯಾರ್ಯಾರ ಮೇಲೋ ಆಕ್ಷೇಪ ಎತ್ತಿದ್ದು ನೋಡಿದ್ದೀನಿ. ತನ್ನ ಮೇಲೆ ತಾನೇ ಎತ್ಕೊಂಡವರನ್ನ ನೋಡಿರ್ಲಿಲ್ಲ. ಒಂದೋ ನೀವು ಬಹಳ ದೊಡ್ಡ ಮನುಷ್ಯರು, ಇಲ್ಲಾ ಕವರು ಒಡೆದಿಲ್ಲ."

ಕರಡಿನ ಪ್ರತಿಯನ್ನು ಮುಂದಿಟ್ಟರು. ಐದು ಸಾಲು. ಮುಂದಿನ ತಿಂಗಳಿಂದ ವಿಭಾಗದ ಮುಖ್ಯಸ್ಥರಾಗಿ, ಇಪ್ಪತ್ತಮೂರು ವರ್ಷದಿಂದ ಇಲ್ಲಿ ಪಾಠ ಹೇಳುತ್ತಿರುವ ಹಿರಿಯ ಪ್ರಾಧ್ಯಾಪಕರು. ಕೆಳಗೆ ಕೊನೆಯ ಸಾಲು: ‘ನಲವತ್ತು ವರ್ಷ ನಾನು ಮಾಡಿದ್ದೇನು ಎಂಬುದು ನನಗೆ ಅರ್ಥವಾದದ್ದು ಅವರ ಪುಸ್ತಕ ಓದಿದ ಮೇಲೆ.’

ಮೇಷ್ಟ್ರು ತಲೆ ಎತ್ತಿದರು. ಕಿಟಕಿ ಪಕ್ಕದ ಗೋಡೆ ಖಾಲಿಯಾಗಿಯೇ ಇತ್ತು. ತಾವು ಟೇಪು ಹಿಡಿದು ಅಳೆದ ಗೋಡೆ.

"ನನ್ನ ಅವಧಿ ಮುಂದುವರಿಸಿ ಅಂತ ಕುಲಪತಿಗಳು ಬಂದಿದ್ರು. ಬೇಡ, ಆ ಜಾಗ ಮೇಷ್ಟ್ರದ್ದು ಅಂತ ಹೇಳಿ ಒಪ್ಪಿಸಿದೆ" ಎಂದರು ರಾಯಭಾರಿ. ಆಮೇಲೆ ಎರಡು ಹಾಳೆ ಹೊರತೆಗೆದರು. ಮೊದಲನೆಯದರಲ್ಲಿ, ಹಿರಿಯ ಪ್ರಾಧ್ಯಾಪಕರು ಕಿರಿಯರಿಗೆ ದಾರಿ ಬಿಟ್ಟುಕೊಡಲೆಂದು ತಾವಾಗಿಯೇ ಹಿಂದೆ ಸರಿದಿದ್ದಾರೆ ಎಂದಿತ್ತು. ಎರಡನೆಯದರಲ್ಲಿ, ಕರಡನ್ನು ಓದದೆ ಬರೆದ ಆಕ್ಷೇಪವನ್ನು ಬರೆದವರೇ ಹಿಂದಕ್ಕೆ ಪಡೆದಿದ್ದಾರೆ ಎಂದಿತ್ತು.

"ಯಾವುದಾದ್ರೂ ಒಂದು ಎಲ್ಲರಿಗೂ ಹೋಗ್ಲೇಬೇಕು. ಎರಡನೇದಕ್ಕೆ ಸಹಿ ಹಾಕಿ. ನಾಲ್ಕು ದಿನ ನಗ್ತಾರೆ, ಐದನೇ ದಿನ ಮರೀತಾರೆ. ಕುರ್ಚಿ ನಿಮ್ಮದೇ."

ಮೇಷ್ಟ್ರ ಕೈ ಎರಡನೆಯ ಹಾಳೆಯ ಕಡೆಗೇ ಹೋಯಿತು. ಪೆನ್ನಿನ ಮುಚ್ಚಳವನ್ನೂ ತೆಗೆದರು.

"ಹೆದರ್ಬೇಡಿ" ಎಂದರು ರಾಯಭಾರಿ ಮೆಲ್ಲಗೆ, ಮಾಲಿಯ ಮಂಡಿನೋವು ಕೇಳುವಾಗಿನ ಅದೇ ದನಿಯಲ್ಲಿ. "ನಾನಿದ್ದೀನಲ್ಲ, ಸಂಭಾಳಿಸ್ತೀನಿ."

ಅವರು ಗೊಳ್ಳೆಂದು ನಕ್ಕಿದ್ದರೆ ಮೇಷ್ಟ್ರು ಸಹಿ ಹಾಕಿಬಿಡುತ್ತಿದ್ದರು. ಒಂದು ಕೊಂಕು ಮಾತಾಡಿದ್ದರೂ ಸಾಕಿತ್ತು. ಈ ಒಳ್ಳೆಯತನವನ್ನು ಮಾತ್ರ ಅವರಿಂದ ತಡೆದುಕೊಳ್ಳಲಾಗಲಿಲ್ಲ. ಕುರ್ಚಿಯನ್ನೂ ಇವರೇ ಕೊಟ್ಟು, ತಪ್ಪನ್ನೂ ಇವರೇ ಮನ್ನಿಸಿ, ಮಾನವನ್ನೂ ಇವರೇ ಕಾಯಬೇಕೆ? ಆ ಕುರ್ಚಿಯಲ್ಲಿ ಕೂತಷ್ಟು ದಿನವೂ ಇವರ ಕೈಯಿಂದ ಇಸಕೊಂಡದ್ದು ಎಂದು ಚುಚ್ಚುವುದಿಲ್ಲವೆ? ಮೇಷ್ಟ್ರು ಮೊದಲನೆಯ ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿದರು.

"ಓದಿಯೇ ಬರೆದಿದ್ದೆ" ಎಂದರು.

ರಾಯಭಾರಿ ಹಾಳೆಯನ್ನು ತೆಗೆದುಕೊಂಡು ಕಡತದೊಳಗಿಟ್ಟರು. ಮೇಜಿನ ಕೆಳಗೆ ಬಗ್ಗಲಿಲ್ಲ.

ಮುಂದಿನ ವಾರ ಮೇಷ್ಟ್ರು ದೊಡ್ಡ ಮನುಷ್ಯರಾಗಿಬಿಟ್ಟರು. ನೆಲಮಾಳಿಗೆಯ ತರಗತಿಗೆ ಕಾಲಿಟ್ಟರೆ ಹುಡುಗರು ಎದ್ದು ನಿಂತರು. ಮುಂದಿನ ಕರಡಿನಲ್ಲಿ ತನ್ನ ಹೆಸರೇ ಇರುತ್ತದೆ ಎಂದು ರಾಯಭಾರಿಯಿಂದ ತಿಳಿದ ಕಿರಿಯ ಉಪನ್ಯಾಸಕಿ ಕಣ್ಣಲ್ಲಿ ನೀರು ತುಂಬಿಕೊಂಡು, "ನಂಗೋಸ್ಕರ ಇಷ್ಟು ಮಾಡ್ತೀರಾ ಸಾರ್?" ಎಂದಾಗ ಮೇಷ್ಟ್ರಿಗೆ ನೆಲ ಬಾಯಿಬಿಡಬಾರದೆ ಎನಿಸಿತು. ರಾಯಭಾರಿಯ ಉಪನ್ಯಾಸದಲ್ಲಿ ಶೂ ಕಥೆಯ ಬೆನ್ನಿಗೇ ಈಗ ಮೇಷ್ಟ್ರ ಕಥೆ ಬರುತ್ತಿತ್ತು, ಹುಡುಗರು ಅದನ್ನೂ ಬರೆದುಕೊಂಡರು. ಹೆಂಡತಿ ಕೇಳದೆಯೇ ಎರಡನೆಯ ಸಲ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು.

"ಇಷ್ಟು ವರ್ಷದಲ್ಲಿ ನಿಮ್ಮಲ್ಲಿ ಈ ಗುಣ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ. ನಿಮಗೆ ಅವರ ಮೇಲೆ ಹೊಟ್ಟೆಕಿಚ್ಚು ಅಂತಿದ್ದೆ. ತಪ್ಪಾಯ್ತು."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ತಪ್ಪಾಯ್ತು ಎಂದಿದ್ದು ಅದೇ ಮೊದಲು. ಅವಳಿಗಾದರೂ ನಿಜ ಹೇಳೋಣವೆಂದು ಮೇಷ್ಟ್ರು ಬಾಯಿ ತೆರೆದರು, ಕಾಫಿ ಕುಡಿದು ಮುಚ್ಚಿದರು.

ಸೋಮವಾರ ಬಂದ ಕವರನ್ನು ಅವರು ಗುಮಾಸ್ತೆ ಇನ್ನೂ ಬಾಗಿಲು ದಾಟುವ ಮೊದಲೇ ಒಡೆದಿದ್ದರು. ಮುಂದಿನ ತಿಂಗಳಿಂದ ಕಿರಿಯ ಉಪನ್ಯಾಸಕಿ ವಿಭಾಗದ ಮುಖ್ಯಸ್ಥೆ. ಅದೂ ಐದು ಸಾಲು. ಶುಕ್ರವಾರ ಬರುವಷ್ಟರಲ್ಲಿ ಅದು ಅವರಿಗೆ ಬಾಯಿಪಾಠವಾಗಿತ್ತು.

ಶುಕ್ರವಾರ ಹನ್ನೊಂದೂವರೆಗೆ ಬಾಗಿಲು ಹಾಕಿಕೊಂಡು, ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತರು. ಒಂದು ಸಾಲು ಬರೆದರೆ ಇದೂ ಬಿದ್ದುಹೋಗುತ್ತದೆ. ಏನೆಂದು ಬರೆಯುವುದು? ಆ ಕುರ್ಚಿ ನನಗೆ ಬೇಕು, ಇಪ್ಪತ್ತಮೂರು ವರ್ಷದಿಂದ ಬೇಕು ಎಂದೆ? ಹಾಳೆ ಬಿಳಿಯಾಗಿಯೇ ಉಳಿಯಿತು. ಕಾರಿಡಾರಿನಲ್ಲಿ ಗುಮಾಸ್ತೆ ನಡೆದು ಬಂದಳು, ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು, ಮುಂದೆ ಹೋದಳು. ಗೋಪುರದ ಗಡಿಯಾರ ಹನ್ನೆರಡು ಹೊಡೆಯಲು ಶುರುಮಾಡಿತು. ಬೆಳಿಗ್ಗೆಯಿಂದ ಬಿಗಿದಿದ್ದ ಪಾದ ನೋಯುತ್ತಿತ್ತು. ಮೇಷ್ಟ್ರು ಬಗ್ಗಿ ಶೂ ಲಾಡಿ ಬಿಚ್ಚಿದರು.