ಮಾಳಿಗೆಯ ಕ್ಯಾನು

"ಜಲ್ದಿ ಮ್ಯಾಲೆ ಹೋಗಲೇ ಪಂಪ್ಯಾ. ನಿಮ್ಮಪ್ಪ ಮಾಲಿ ತೆಗೆದಿಟ್ಟಾನ!"

ತೋರಣಗಲ್ಲಿನ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಕಂಪ್ಲಿಯ ಮನೆಗೆ ಬಂದಿದ್ದ ಪಂಪೇಶ್, ಬೂಟು ಬಿಚ್ಚಲು ಬಗ್ಗಿದವನು ಹಾಗೇ ನಿಂತ. ತಾಯಿ ಉಚ್ಚಂಗೆಮ್ಮ ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕೈಗೆ ಹತ್ತಿದ ರೊಟ್ಟಿ ಹಿಟ್ಟು ಒಣಗಿಹೋಗಿತ್ತು. ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ಅಪ್ಪನ ತುಳಸಿ ಮಾಲೆ ನೇತಾಡುತ್ತಿತ್ತು.

ಆ ಮಾಲೆ ಹಂಪಯ್ಯನ ಕೊರಳಿಗೆ ಬಿದ್ದು ಎರಡು ವರ್ಷ. ಇನ್ನೊಂದು ಸಲ ಕುಡಿತ ಶುರುವಾದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ ಮೇಲೆ, ಪಂಢರಪುರಕ್ಕೆ ಹೋಗಿ ಹಾಕಿಸಿಕೊಂಡು ಬಂದದ್ದು. ಮಾಲೆ ಇರುವ ಕೊರಳಲ್ಲಿ ಹೆಂಡ ಇಳಿಯಬಾರದು. ಕುಡಿಯಲೇಬೇಕು ಅಂದವರು ಮೊದಲು ಅದನ್ನು ತೆಗೆದು ಮೊಳೆಗೆ ಹಾಕುತ್ತಾರೆ, ಆಮೇಲೆ ಹೊರಡುತ್ತಾರೆ. ಓಣಿಯಲ್ಲಿ ಅಂಥವರನ್ನು ಉಚ್ಚಂಗೆಮ್ಮ ಬೇಕಾದಷ್ಟು ಕಂಡಿದ್ದಳು.

"ನೀ ಹೋಗಿ ನೋಡ್ಲಿಲ್ಲೇನಬೇ?"

"ನೋಡಾಕ ಧೈರ್ಯ ಬರವಲ್ದು. ಸೋಡಾ ಮಾಡ್ತೀನಂತ ಸುಳ್ಳು ಹೇಳಿ ಅದನ್ನ ತಂದಿಟ್ಟಿಯಲ್ಲೋ, ನಿನ್ನ ಕೈ ಸೇದಿಹೋಗ್ಲಿ!"

ಎಂಥ ಬುದ್ಧಿವಂತ ನೋಡಿ! ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಮುಚ್ಚಳಕ್ಕೆ ಸಲೈನ್ ಪೈಪು ಚುಚ್ಚಿ, ಸುತ್ತ ಎಂಸೀಲ್ ಅಂಟು ಮೆತ್ತಿ, ಒಳಗಿನ ಗಾಳಿ ಹೊರಹೋಗಲೆಂದು ಪೈಪಿನ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ್ದ. ಒಳಗೆ ಮೊಳಕೆ ಬಾರ್ಲಿ ಕುದಿಸಿದ ನೀರು, ಬೇಕರಿ ಯೀಸ್ಟು. ಬಿಸಿಲಿಗೆ ಕೆಡದಿರಲೆಂದು ಮೇಲೆ ಒದ್ದೆ ಗೋಣಿ. ಮನೆಯಲ್ಲೇ ಬಿಯರು! ಕುಡಿತ ಬಿಟ್ಟ ಅಪ್ಪನ ತಲೆಯ ಮೇಲೆ ಇದನ್ನು ಇಡುತ್ತಿದ್ದೇನೆ ಎಂಬ ಖಬರು ಮಾತ್ರ ಇರಲಿಲ್ಲ.

ಬೂಟುಗಾಲಲ್ಲೇ ಮೆಟ್ಟಿಲು ಹತ್ತಿದ. ಮಾಳಿಗೆಯ ತಗಡಿನ ಕೋಣೆಯಲ್ಲಿ ಹಂಪಯ್ಯ ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮೀಸೆ, ಅಂಗಿಯ ಎದೆ ಎಲ್ಲ ನೊರೆ. ಪಂಪೇಶ್ ಬಾಗಿಲಲ್ಲೇ ಕೂಗಿದ.

"ಯಪ್ಪಾ! ಕುಡಿದಿ?"

"ಬಾಯಿ ಮುಚ್ಚು. ನಿನ್ನ ಪೈಪು ಕಟ್ಟಿತ್ತಲೇ. ಒಣಗಿದ ಅಂಗಿ ಧೋತ್ರ ತೆಗೆಯಾಕ ಬಂದ್ರ ಕ್ಯಾನು ಉಬ್ಬಿ ಗುಂಡಗಾಗಿತ್ತು. ಮುಚ್ಚಳದ ಹತ್ರ ಪೈಪಿನ ಬಾಯಾಗ ಬಾರ್ಲಿ ಸಿಪ್ಪಿ ಸಿಗಾಕ್ಕೊಂಡಿತ್ತು. ತೆಗೀಬೇಕಂದ್ರ ಮುಚ್ಚಳ ಕಲ್ಲಾಗೈತಿ. ಒಡದಿದ್ರ?"

ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಬಾಯ್ಲರ್ ಕಾದವನು ಹಂಪಯ್ಯ. ಹಬೆಯ ದಾರಿ ಕಟ್ಟಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಣ್ಣ ಪೈಪು ಕಟ್ಟಿದರೆ ಬಾಯಿ ಹಚ್ಚಿ ಊದಿ ಬಿಡಿಸುವುದು ಅಲ್ಲಿನ ರೂಢಿ. ಒಂದು ಹನಿ ಬಾಯಿಗೆ ಬಂದೀತೆಂದು, ಬಾಯಿ ಹಚ್ಚುವ ಮೊದಲು ಕೆಳಗಿಳಿದು ಹೋಗಿ ಮಾಲೆ ತೆಗೆದಿಟ್ಟು ಬಂದಿದ್ದ.

"ಊದಿದೆ. ಸಿಪ್ಪಿ ಹಿಂದಕ್ಕ ಹೋತು, ನೊರಿ ಗಪ್ಪಂತ ಬಾಯಿಗೆ ಬಂತು." ಹಂಪಯ್ಯ ಅಂಗೈಯಿಂದ ಮೀಸೆ ಒರೆಸಿಕೊಂಡ. "ಉಗುಳಿದೆ. ಉಗುಳಾಕ ಎಷ್ಟು ಹೊತ್ತು ಹಿಡೀತು ಗೊತ್ತೇನಲೇ ನಿನಗ?"

ಪಂಪೇಶನಿಗೆ ನಾಚಿಕೆಯಿಂದ ಸತ್ತೇಹೋದಂತಾಯಿತು. "ನಂದು ತಪ್ಪಾತಪ್ಪಾ. ಕೆಳಗ ನಡಿ."

"ಏಳು ಅನ್ನಬ್ಯಾಡ. ಎದ್ರ ಅದರ ಕಡೀಗೇ ಹೋಗ್ತೀನಿ. ನನ್ನ ಕೈ ಹಿಡ್ಕೊ. ಬಿಡಬ್ಯಾಡ."

ಉಚ್ಚಂಗೆಮ್ಮ ಯಾವಾಗ ಬಂದಳೋ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೆಳಗೆ ಹೋಗಿ ಕುಡಗೋಲು ತಂದಳು. ಕ್ಯಾನನ್ನು ನೀರು ಹೋಗುವ ತೂತಿನ ಕಡೆಗೆ ಉರುಳಿಸಿ, ಅದರ ಹೊಟ್ಟೆಗೆ ಒಂದೇ ಏಟು ಹಾಕಿದಳು. ಭರ್ರೆಂದು ಹರಿಯಿತು. ಕೋಣೆ ತುಂಬ ಹುಳಿ ವಾಸನೆ.

ಪಂಪೇಶ್ ಅಪ್ಪನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹಂಪಯ್ಯ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದ. ಅವನ ಕೈ ಮಾತ್ರ ಹರಿಯುವ ಕಡೆಗೇ ಎಳೆಯುತ್ತಿತ್ತು. ಕ್ಯಾನು ಖಾಲಿಯಾದ ಮೇಲೂ ಎಳೆಯುತ್ತಿತ್ತು.